ನೇಕೆಡ್ ಬೈಕಿಗೆ ಎತ್ತರದ ಹ್ಯಾಂಡಲ್: ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ನೇಕೆಡ್ ಬೈಕಿಗೆ, ಅಂದರೆ ಮುಂದೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಬೈಕಿಗೆ, ಎತ್ತರದ ಹ್ಯಾಂಡಲ್ ಹಾಕಿಸಿಕೊಂಡವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ‘ಎಡಕ್ಕೆ ಪೂರ್ತಿ ತಿರುಗಿಸಿದರೆ ಕ್ಲಚ್ ಕೇಬಲ್ ಬಿಗಿಯುತ್ತೆ.’ ‘ಯೂ ಟರ್ನ್ ಹೊಡೆಯುವಾಗ ರೇಸ್ ತಾನಾಗೇ ಏರುತ್ತೆ.’ ‘ಮಣಿಕಟ್ಟಿನ ನೋವು ಹೋಯ್ತು, ಈಗ ಸೊಂಟ ಹಿಡಿದುಕೊಳ್ತಿದೆ.’ ಮೂರಕ್ಕೂ ಬೇರು ಒಂದೇ ಕಡೆ ಇದೆ. ಹ್ಯಾಂಡಲ್ ಮೊದಲು ಕೊಂಡಿದ್ದಾರೆ, ಅಳತೆ ಆಮೇಲೆ ತೆಗೆದಿದ್ದಾರೆ. ಎಷ್ಟೋ ಸಲ ತೆಗೆದೇ ಇಲ್ಲ.

ಈ ಕೆಲಸದಲ್ಲಿ ಎತ್ತರ ಎಷ್ಟಿರಬೇಕು ಅನ್ನೋದನ್ನು ನಿಮ್ಮ ಆಸೆ ಅಷ್ಟೇ ತೀರ್ಮಾನ ಮಾಡುವುದಿಲ್ಲ. ನಿಮ್ಮ ಬೈಕಿನ ಕೇಬಲ್ ಮತ್ತು ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಹರಿಯುವ ಕೊಳವೆ) ಎಷ್ಟು ಉದ್ದ ಬಿಟ್ಟುಕೊಡುತ್ತವೋ ಅಲ್ಲಿಗೆ ಮಿತಿ. ಅದನ್ನು ಒಂದು ರೂಪಾಯಿ ಖರ್ಚಿಲ್ಲದೆ ಮನೆಯಲ್ಲೇ ಕಂಡುಕೊಳ್ಳಬಹುದು. ಹಾಗಾಗಿ ಹಂತಗಳ ಕ್ರಮ ತಪ್ಪಿಸಬೇಡಿ.

1. ನೋವು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ

ಒಂದು ಗಂಟೆ ಬೈಕ್ ಓಡಿಸಿ ಇಳಿದ ತಕ್ಷಣ ನೋಡಿಕೊಳ್ಳಿ. ಅಂಗೈಯ ಬುಡ ಮತ್ತು ಮಣಿಕಟ್ಟು ನೋಯುತ್ತಿದ್ದರೆ ಮೈಭಾರ ಕೈ ಮೇಲೆ ಬೀಳುತ್ತಿದೆ. ಕಿರುಬೆರಳು, ಉಂಗುರ ಬೆರಳು ಜುಮ್ಮೆನ್ನುತ್ತಿದ್ದರೆ ಅಂಗೈಯ ಹೊರ ಅಂಚಿನಲ್ಲಿ ನರ ಒತ್ತಿಕೊಳ್ಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಮಣಿಕಟ್ಟು ಮೇಲಕ್ಕೆ ಬಾಗಿಕೊಂಡೇ ಇರುವ ಸಾಧ್ಯತೆ ಜಾಸ್ತಿ. ಅದಕ್ಕೆ ಲಿವರ್ ಕೋನ ಕಾರಣ ಇರಬಹುದು, ಹ್ಯಾಂಡಲ್ ಎತ್ತರ ಅಲ್ಲ. ಕತ್ತಿನ ಹಿಂಭಾಗ ನೋಯುತ್ತಿದ್ದರೆ ಮುಂದಕ್ಕೆ ಬಾಗಿ ತಲೆ ಎತ್ತಿ ನೋಡುತ್ತಿದ್ದೀರಿ. ಇಲ್ಲಿ ಎತ್ತರದ ಹ್ಯಾಂಡಲ್ ನಿಜಕ್ಕೂ ಕೆಲಸ ಮಾಡುತ್ತದೆ.

ಬಾಲಮೂಳೆ ಅಥವಾ ಸೊಂಟದ ಕೆಳಗೆ ನೋವಿದ್ದರೆ ಹ್ಯಾಂಡಲ್ ಎತ್ತರಿಸಬೇಡಿ. ನೆಟ್ಟಗೆ ಕೂತಷ್ಟೂ ಭಾರವೆಲ್ಲ ಸೀಟಿಗೆ ಇಳಿಯುತ್ತದೆ. ಹಂಪ್ ಮತ್ತು ಗುಂಡಿಯ ಹೊಡೆತ ನೇರವಾಗಿ ಬೆನ್ನುಮೂಳೆಗೆ ಏರುತ್ತದೆ. ನಿಮಗೆ ಬೇಕಾಗಿರುವುದು ಸೀಟಿನ ಫೋಮ್ ಮತ್ತು ಹಿಂದಿನ ಸಸ್ಪೆನ್ಷನ್‌ನ ಸೆಟ್ಟಿಂಗ್.

ಬೈಕಿನಿಂದ ಇಳಿದು ದಿನ ಕಳೆದರೂ ಬೆರಳು ಮರಗಟ್ಟೇ ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ.

2. ಕಾಸು ಖರ್ಚಿಲ್ಲದ ರಿಪೇರಿ ಮೊದಲು

ಈ ಹಂತದಲ್ಲೇ ಹಲವರ ಸಮಸ್ಯೆ ಮುಗಿದುಹೋಗುತ್ತದೆ. ಅದಕ್ಕೇ ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಬೈಕನ್ನು ಪ್ಯಾಡಕ್ ಸ್ಟ್ಯಾಂಡಿಗೆ ಹಾಕಿ, ಇಲ್ಲವೇ ಯಾರಾದರೂ ನೆಟ್ಟಗೆ ಹಿಡಿದುಕೊಳ್ಳಲಿ. ಜಾಕೆಟ್, ಗ್ಲೌಸ್ ಹಾಕಿಕೊಂಡು ದಿನಾ ಓಡಿಸುವ ಹಾಗೇ ಕೂರಿ. ಬೆರಳುಗಳನ್ನು ಲಿವರ್ ಮೇಲೆ ಇಡಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಇರಬೇಕು. ಲಿವರ್ ಮುಟ್ಟಲು ಕೈಯನ್ನು ಮೇಲಕ್ಕೆ ಮುರಿಯಬೇಕಾಗಿ ಬಂದರೆ ಲಿವರ್ ತುಂಬಾ ಮೇಲಿದೆ. ಅದರ ಕ್ಲ್ಯಾಂಪ್ ಬೋಲ್ಟ್ ಸ್ವಲ್ಪ ಸಡಿಲಿಸಿ, ಲಿವರ್ ತುಸು ಕೆಳಗೆ ತಿರುಗಿಸಿ, ಮತ್ತೆ ಬಿಗಿ ಮಾಡಿ. ಬ್ರೇಕ್ ಕಡೆ ಹೀಗೆ ತಿರುಗಿಸುವಾಗ ಆಯಿಲ್ ಡಬ್ಬಿ ತೀರಾ ವಾಲದ ಹಾಗೆ ನೋಡಿಕೊಳ್ಳಿ.

ಆಮೇಲೆ ಹ್ಯಾಂಡಲ್‌ನ ಸರದಿ. ಒಂದೇ ಪೈಪಿನ ಹ್ಯಾಂಡಲ್ ಇದ್ದರೆ ನಾಲ್ಕು ಬೋಲ್ಟ್ ಸಡಿಲಿಸಿ ನಿಮ್ಮ ಕಡೆಗೆ ಎರಡು ಮೂರು ಡಿಗ್ರಿ ತಿರುಗಿಸಿ ನೋಡಬಹುದು. ಹೆಚ್ಚಿನ ಹ್ಯಾಂಡಲ್‌ಗಳಲ್ಲಿ ಕ್ಲ್ಯಾಂಪ್ ಪಕ್ಕ ಒಂದು ಚುಕ್ಕಿ ಇರುತ್ತದೆ. ಕಂಪನಿ ಎಲ್ಲಿಟ್ಟಿತ್ತು ಅಂತ ಅದು ತೋರಿಸುತ್ತದೆ. ತಿರುಗಿಸುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ ನಿಮ್ಮ ಕೂರುವ ರೀತಿ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿಕೊಂಡು, ಹೊಟ್ಟೆ ಸ್ವಲ್ಪ ಬಿಗಿ ಹಿಡಿದು, ಎರಡೂ ಕೈಯನ್ನು ಹ್ಯಾಂಡಲ್‌ನಿಂದ ಒಂದು ಇಂಚು ಮೇಲೆತ್ತಿ. ಬೈಕ್ ನಿಂತಿರುವಾಗ ಮಾತ್ರ. ಹತ್ತು ಸೆಕೆಂಡ್ ಹಾಗೇ ಕೂರಲು ಆಗದಿದ್ದರೆ ಇಷ್ಟು ದಿನ ನೀವು ಹ್ಯಾಂಡಲ್‌ಗೆ ಒರಗಿಕೊಂಡು ಓಡಿಸುತ್ತಿದ್ದೀರಿ. ಗ್ರಿಪ್ ಅನ್ನು ಕೋಳಿಮರಿ ಹಿಡಿದ ಹಾಗೆ ಹಿಡಿಯಬೇಕು, ಹಾರಿಹೋಗಬಾರದು, ಉಸಿರೂ ಕಟ್ಟಬಾರದು. ಇದನ್ನು ಎರಡು ವಾರ ಅಭ್ಯಾಸ ಮಾಡಿ. ಆಗಲೂ ನೋವು ಉಳಿದರೆ ಮುಂದಿನ ಹಂತಕ್ಕೆ ಬನ್ನಿ.

3. ನಿಮ್ಮ ಬೈಕಿನಲ್ಲಿ ಇರುವುದು ಯಾವ ಹ್ಯಾಂಡಲ್?

ಡ್ಯೂಕ್ 390, ಎಂಟಿ-15, ಅಪಾಚೆ ಆರ್‌ಟಿಆರ್ 160 4ವಿ ಇಂಥ ಬೈಕುಗಳಲ್ಲಿ ಒಂದೇ ಉದ್ದನೆಯ ಪೈಪ್ ಇದೆ. ಕ್ಲ್ಯಾಂಪ್ ಬಿಚ್ಚಿ ಬೇರೆ ಪೈಪ್ ಕೂರಿಸಬಹುದು, ಅಥವಾ ಅದೇ ಪೈಪಿನ ಕೆಳಗೆ ರೈಸರ್ (ಎತ್ತರಿಸುವ ಲೋಹದ ತುಂಡು) ಇಡಬಹುದು. ಪಲ್ಸರ್ ಎನ್‌ಎಸ್200, ಆರ್‌ಟಿಆರ್ 200 4ವಿ ಬೈಕುಗಳಲ್ಲಿ ಎಡ ಬಲ ಬೇರೆ ಬೇರೆ ಇರುವ ಕ್ಲಿಪ್ ಆನ್. ಇವುಗಳಿಗೆ ಸೀದಾ ಪೈಪ್ ಹ್ಯಾಂಡಲ್ ಕೂರುವುದಿಲ್ಲ, ಯಾಕಂದರೆ ಫೋರ್ಕ್‌ಗಳನ್ನು (ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳನ್ನು) ಮೇಲ್ಗಡೆ ಹಿಡಿದಿರುವ ಟಿ ಪ್ಲೇಟಿನಲ್ಲಿ ಪೈಪ್ ಹ್ಯಾಂಡಲ್‌ಗೆ ಜಾಗವೇ ಇಲ್ಲ.

ಆ ಟಿ ಪ್ಲೇಟಿಗೆ ತೂತು ಕೊರೆದು ಕ್ಲ್ಯಾಂಪ್ ಬೋಲ್ಟ್ ಹಾಕಿಕೊಡುವ ವರ್ಕ್‌ಶಾಪುಗಳಿವೆ. ದಯವಿಟ್ಟು ಮಾಡಿಸಬೇಡಿ. ಅದು ಎರಕದ ಅಲ್ಯೂಮಿನಿಯಂ. ತೂತಿನ ಅಂಚಿನಿಂದ ಬಿರುಕು ಶುರುವಾದರೆ ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಕ್ಲಿಪ್ ಆನ್ ಬೈಕಿಗೆ ಎರಡೇ ಸರಿಯಾದ ದಾರಿ: ನಿಮ್ಮ ಫೋರ್ಕ್ ಪೈಪಿನ ಅಳತೆಗೇ ಮಾಡಿರುವ ಎತ್ತರದ ಕ್ಲಿಪ್ ಆನ್, ಇಲ್ಲವೇ ನಿಮ್ಮ ಮಾಡೆಲ್‌ಗೇ ಮಾಡಿರುವ ಇಡೀ ಟಿ ಪ್ಲೇಟ್ ಕಿಟ್.

4. ಮಾಪ್ ಕೋಲು ಮತ್ತು ಮರದ ತುಂಡು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಎರಡು ಅಳತೆ ಬೇಕು. ಒಂದು ನಿಮ್ಮ ಮೈಗೆ ಸಂಬಂಧಪಟ್ಟದ್ದು, ಇನ್ನೊಂದು ಬೈಕಿಗೆ.

ಮೈಯ ಅಳತೆ: ಒಂದು ಮಾಪ್ ಕೋಲು ಅಥವಾ ಅರ್ಧ ಇಂಚಿನ ಪಿವಿಸಿ ಪೈಪ್ ತಗೊಳ್ಳಿ. ನೀವು ಬೈಕ್ ಮೇಲೆ ಕಣ್ಣು ಮುಚ್ಚಿ ಆರಾಮಾಗಿ ಕೂರಿ, ಕೈ ಮುಂದೆ ಚಾಚಿ, ಮೊಣಕೈ ಸ್ವಲ್ಪ ಬಾಗಿರಲಿ. ಗೆಳೆಯರೊಬ್ಬರು ಆ ಕೋಲನ್ನು ನಿಮ್ಮ ಕೈಗೆ ಸಿಗುವ ಹಾಗೆ ಹಿಡಿಯಲಿ. ಈಗ ಕಣ್ಣು ಬಿಟ್ಟು ಕೋಲಿಗೂ ಈಗಿರುವ ಗ್ರಿಪ್‌ಗೂ ಎಷ್ಟು ಅಂತರ ಇದೆ ಅಂತ ಟೇಪಿನಲ್ಲಿ ಅಳೆಯಿರಿ. ಮೇಲಕ್ಕೆ ಎಷ್ಟು, ಹಿಂದಕ್ಕೆ ಎಷ್ಟು, ಎರಡನ್ನೂ ಬರೆದುಕೊಳ್ಳಿ. ಪಕ್ಕದಿಂದ ಒಂದು ಫೋಟೋ ಇರಲಿ. ನಾಲ್ಕು ಇಂಚು ಎತ್ತರಿಸಬೇಕು ಅಂದುಕೊಂಡಿದ್ದವರಿಗೂ ಇಲ್ಲಿ ಒಂದು, ಒಂದೂವರೆ ಇಂಚು ಬಂದರೆ ಆಶ್ಚರ್ಯ ಪಡಬೇಕಿಲ್ಲ.

ಬೈಕಿನ ಅಳತೆ: 20, 30, 40 ಮಿ.ಮೀ. ದಪ್ಪದ ಎರಡೆರಡು ಮರದ ತುಂಡು ಮಾಡಿಸಿಕೊಳ್ಳಿ. ಯಾವ ಬಡಗಿಯಾದರೂ ಐದು ನಿಮಿಷದಲ್ಲಿ ಕೊಯ್ದು ಕೊಡುತ್ತಾರೆ. ಟ್ಯಾಂಕ್ ಮೇಲೆ ದಪ್ಪ ಟವೆಲ್ ಹಾಸಿ. ಹ್ಯಾಂಡಲ್ ಕ್ಲ್ಯಾಂಪ್ ಬಿಚ್ಚಿ, ಪೈಪನ್ನು ಲಿವರ್, ಸ್ವಿಚ್ ಸಮೇತ ಎತ್ತಿ ಕೆಳಗೆ 20ರ ತುಂಡು ಇಡಿ. ಒಬ್ಬರು ಪೈಪನ್ನು ಅಲುಗಾಡದಂತೆ ಒತ್ತಿ ಹಿಡಿಯಲಿ. ಇನ್ನೊಬ್ಬರು ಮುಂದಿನ ಚಕ್ರ ಹಿಡಿದು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಲಿ. ಕ್ಲಚ್ ಕೇಬಲ್, ಆಕ್ಸಲರೇಟರ್ ಕೇಬಲ್, ಬ್ರೇಕ್ ಹೋಸ್, ಎರಡೂ ಕಡೆಯ ಸ್ವಿಚ್ ವೈರ್, ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ. ತಂತಿಯ ಹಾಗೆ ಬಿಗಿಯಾಗಿದ್ದರೆ ಆ ಎತ್ತರ ನಿಮಗಿಲ್ಲ. ಬೆರಳಲ್ಲಿ ತಳ್ಳಿದಾಗ ಸ್ವಲ್ಪ ಬಾಗಿದರೆ ಸರಿ. ಆಮೇಲೆ 30, ಆಮೇಲೆ 40.

ಮೊದಲು ಸೋಲುವುದು ಯಾವುದು ಅಂತ ಬರೆದುಕೊಳ್ಳಿ. ಕ್ಲಚ್ ಕೇಬಲ್ ಆದರೆ ಉದ್ದನೆಯದು ಹಾಕಬಹುದು, ಸುಲಭ. ವೈರ್ ಆದರೆ ಹಲವು ಸಲ ಒಂದು ಕಟ್ಟು ಬಿಚ್ಚಿ ದಾರಿ ಬದಲಿಸಿದರೆ ಸಾಕು. ಬ್ರೇಕ್ ಹೋಸ್ ಆದರೆ ಅಲ್ಲಿಗೇ ನಿಲ್ಲಿಸಿ ಅನ್ನೋದು ನನ್ನ ಸಲಹೆ. ಬ್ರೇಕ್ ಹೋಸ್ ಬಿಚ್ಚದೆ ಎಷ್ಟು ಎತ್ತರ ಸಿಗುತ್ತದೋ ಅಷ್ಟರಲ್ಲಿ ತೃಪ್ತಿ ಪಡಿ. ದಿನಾ ಓಡಿಸುವ ಬೈಕಿಗೆ 20ರಿಂದ 30 ಮಿ.ಮೀ. ಧಾರಾಳವಾಯ್ತು.

ಒಂದು ಲೆಕ್ಕ ಇಲ್ಲಿ ತಿಳಿದಿರಲಿ. ಇಂಥ ಬೈಕುಗಳ ಫೋರ್ಕ್ ಸುಮಾರು 25 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಅದರ ಗೆರೆಯಲ್ಲೇ 30 ಮಿ.ಮೀ. ರೈಸರ್ ಇಟ್ಟರೆ ಹ್ಯಾಂಡಲ್ 27 ಮಿ.ಮೀ. ಮೇಲೆ ಬರುತ್ತದೆ, ಜೊತೆಗೆ 12–13 ಮಿ.ಮೀ. ನಿಮ್ಮ ಕಡೆಗೂ ಸರಿಯುತ್ತದೆ. ಹೀಗೆ ಹಿಂದಕ್ಕೂ ಬರುವುದರಿಂದ ಮೈ ನಿರೀಕ್ಷೆಗಿಂತ ಜಾಸ್ತಿ ನೆಟ್ಟಗಾಗುತ್ತದೆ. ಮಾಪ್ ಕೋಲಿನ ಅಳತೆಯನ್ನು ಇದರ ಜೊತೆ ಹೋಲಿಸಿ.

5. ಕೊಳ್ಳುವಾಗ ನೋಡಬೇಕಾದ್ದು

ಗ್ರಿಪ್ ಕೂರುವ ಜಾಗದಲ್ಲಿ ಪೈಪಿನ ದಪ್ಪ 22 ಮಿ.ಮೀ. ಇರುತ್ತದೆ. ಕ್ಲ್ಯಾಂಪ್ ಜಾಗದಲ್ಲಿ ಮಾತ್ರ ವ್ಯತ್ಯಾಸ. ಕೆಲವು 22, ದಪ್ಪ ಹ್ಯಾಂಡಲ್‌ಗಳು 28.6, ಇನ್ನು ಕೆಲವು ಬೈಕುಗಳಲ್ಲಿ ಇವೆರಡೂ ಅಲ್ಲ. ಅಂಗಡಿಗೆ ಹೋಗುವ ಮುಂಚೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ನಿಮ್ಮದನ್ನು ಅಳೆದುಕೊಂಡೇ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ‘ಎಲ್ಲಾ ಬೈಕಿಗೂ ಆಗುತ್ತೆ’ ಅನ್ನೋ ಮಾತು ಕಿವಿಗೆ ಬಿದ್ದರೆ ನಿಮ್ಮ ಹಳೆಯ ಕ್ಲ್ಯಾಂಪನ್ನೇ ಜೇಬಿನಿಂದ ತೆಗೆದು ಅಲ್ಲೇ ಕೂರಿಸಿ ನೋಡಿ. ಚೂರು ಸಡಿಲವಿರುವ ಪೈಪಿಗೆ ತಗಡಿನ ಪಟ್ಟಿ ಸುತ್ತಿ ಬಿಗಿ ಮಾಡುವ ಪದ್ಧತಿ ಇದೆ. ಬ್ರೇಕ್ ಒತ್ತಿದಾಗ ಹ್ಯಾಂಡಲ್ ತಿರುಗಿಹೋಗುವುದು ಹೀಗೇ.

ಅಗಲ ಜಾಸ್ತಿ ಇದ್ದಷ್ಟೂ ತಿರುಗಿಸುವುದು ಹಗುರ. ಆದರೆ ಟ್ರಾಫಿಕ್ಕಿನಲ್ಲಿ ಎರಡು ಕಾರುಗಳ ನಡುವೆ ಕನ್ನಡಿ ತಾಗುತ್ತದೆ. ವೇಗದಲ್ಲಿ ಕೈಯ ಸಣ್ಣ ಅಲುಗಾಟವೂ ಬೈಕಿಗೆ ಗೊತ್ತಾಗುತ್ತದೆ. ಹಳೆಯ ಹ್ಯಾಂಡಲ್‌ನ ಅಗಲಕ್ಕೂ ಹೊಸದರ ಅಗಲಕ್ಕೂ ವ್ಯತ್ಯಾಸ ಒಂದೆರಡು ಸೆಂಟಿಮೀಟರ್ ಒಳಗೇ ಇರಲಿ.

ರೈಸರ್ ಕೊಳ್ಳುವುದಾದರೆ ಒಂದೇ ತುಂಡಿನದು ಇರಲಿ. ಎರಡು ರೈಸರ್ ಒಂದರ ಮೇಲೊಂದು ಪೇರಿಸಬೇಡಿ. ಜೊತೆಗೆ ಬರುವ ಉದ್ದದ ಬೋಲ್ಟ್‌ನ ತಲೆ ಮೇಲೆ 8.8, 10.9 ಅಥವಾ 12.9 ಅಂತ ಕೆತ್ತಿರಬೇಕು. ಏನೂ ಕೆತ್ತದ ಬೋಲ್ಟ್ ವಾಪಸ್ ಕೊಡಿ. 8 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕಡಿಮೆ ಅಂದರೂ 12 ಮಿ.ಮೀ. ಮರೆ (ಥ್ರೆಡ್) ಹತ್ತಬೇಕು. ಬಿಗಿ ಮಾಡದೆ ಕೈಯಲ್ಲೇ ತಿರುಗಿಸಿ, ಎಷ್ಟು ಸುತ್ತು ಒಳಗೆ ಹೋಗುತ್ತೆ ಅಂತ ಎಣಿಸಿ ನೋಡಿ.

ಕಾನೂನಿನ ವಿಷಯವನ್ನೂ ಕೊಳ್ಳುವ ಮುಂಚೆಯೇ ಯೋಚಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕಿಂತ ವಾಹನವನ್ನು ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡದ ಮಾತಿದೆ, ಜೈಲಿನ ಅವಕಾಶವೂ ಇದೆ. ಹಾಗಾಗಿ ಕಂಪನಿಯದೇ ಆಕ್ಸೆಸರಿ ಪಟ್ಟಿಯಲ್ಲಿ ರೈಸರ್ ಇದೆಯಾ ಅಂತ ಮೊದಲು ಶೋರೂಮಿನಲ್ಲಿ ಕೇಳಿ. ಆರ್‌ಟಿಒದಲ್ಲೂ ವಿಚಾರಿಸಿ. ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಹಳೆಯ ಹ್ಯಾಂಡಲ್ ಮಾರಬೇಡಿ.

6. ಸಾಮಾನು ಜೋಡಿಸಿಕೊಳ್ಳಿ

ಅಲೆನ್ ಕೀ ಸೆಟ್, ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್ (ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಸ್ಪ್ಯಾನರ್), ವರ್ನಿಯರ್, ಸ್ಟಾರ್ ಸ್ಕ್ರೂಡ್ರೈವರ್, ಜಿಪ್ ಟೈ, ಮಾಸ್ಕಿಂಗ್ ಟೇಪ್, ಮಾರ್ಕರ್, ಡ್ರಿಲ್ ಮತ್ತು 3, 5 ಮಿ.ಮೀ. ಬಿಟ್, ಸಣ್ಣ ಅರ. ಟಾರ್ಕ್ ರೆಂಚ್ ಇಲ್ಲದಿದ್ದರೆ ಬಾಡಿಗೆಗೋ ಗೆಳೆಯರ ಹತ್ತಿರವೋ ತನ್ನಿ. ಕೈ ಅಂದಾಜಿನಲ್ಲಿ ಬಿಗಿ ಮಾಡಿದ ಅಲ್ಯೂಮಿನಿಯಂ ಮರೆ ಒಂದು ಸಲ ತಿಂದುಹೋದರೆ ಇಡೀ ಟಿ ಪ್ಲೇಟ್ ಬದಲಾಯಿಸಬೇಕಾಗಬಹುದು. ನಿಮ್ಮ ಬೈಕಿನ ಸರ್ವೀಸ್ ಮ್ಯಾನುವಲ್‌ನಿಂದ ಕ್ಲ್ಯಾಂಪ್ ಬೋಲ್ಟ್, ಲಿವರ್ ಬೋಲ್ಟ್‌ಗಳ ಟಾರ್ಕ್ ಬರೆದಿಟ್ಟುಕೊಳ್ಳಿ.

7. ಹಳೆಯದನ್ನು ಬಿಚ್ಚುವುದು

ಬಿಚ್ಚುವ ಮುಂಚೆ ಹತ್ತು ಫೋಟೋ. ಕೇಬಲ್ ಯಾವುದರ ಮುಂದೆ, ಯಾವುದರ ಹಿಂದೆ ಹೋಗಿದೆ ಅನ್ನೋದು ಎಲ್ಲಕ್ಕೂ ಮುಖ್ಯ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ.

ಕ್ರಮ ಹೀಗಿರಲಿ. ಮೊದಲು ಕನ್ನಡಿ. ಯಮಹಾದ ಬಲಗಡೆ ಕನ್ನಡಿಗೆ ಉಲ್ಟಾ ಮರೆ ಇರುತ್ತದೆ, ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡಿಬಿಡುವವರು ತುಂಬಾ ಜನ. ಆಮೇಲೆ ತುದಿಯ ತೂಕ (ಹ್ಯಾಂಡಲ್ ತುದಿಯಲ್ಲಿರುವ ಲೋಹದ ಗುಂಡು), ಗ್ರಿಪ್, ಸ್ವಿಚ್ ಡಬ್ಬಿ, ಲಿವರ್. ಎಡಗಡೆ ಗ್ರಿಪ್ ಅಂಟಿಕೊಂಡಿದ್ದರೆ ತೆಳುವಾದ ಸ್ಕ್ರೂಡ್ರೈವರ್‌ನಿಂದ ಅಂಚು ಎತ್ತಿ, ಒಳಗೆ ಸೋಪು ನೀರು ಬಿಟ್ಟು ತಿರುಚಿ ಎಳೆಯಿರಿ.

ಬ್ರೇಕ್ ಮಾಸ್ಟರ್ ಸಿಲಿಂಡರ್ (ಬ್ರೇಕ್ ಲಿವರ್, ಆಯಿಲ್ ಡಬ್ಬಿ ಕೂತಿರುವ ಭಾಗ) ಬಿಚ್ಚಿದ ಮೇಲೆ ಅದನ್ನು ಹೋಸ್‌ನಿಂದ ನೇತುಹಾಕಬೇಡಿ, ತಲೆಕೆಳಗೂ ಮಾಡಬೇಡಿ. ಡಬ್ಬಿ ಮೇಲೆ ಬರುವ ಹಾಗೆ ನೆಟ್ಟಗೆ ಇರಿಸಿ ಒಂದು ಹಗ್ಗದಿಂದ ಕಟ್ಟಿ. ವಾಲಿದರೆ ಒಳಗೆ ಗಾಳಿ ಸೇರುತ್ತದೆ. ಬ್ರೇಕ್ ಆಯಿಲ್ ಟ್ಯಾಂಕ್ ಮೇಲೆ ಒಂದು ಹನಿ ಬಿದ್ದರೂ ಪೇಂಟ್ ಎದ್ದುಬರುತ್ತದೆ. ಬಿದ್ದ ಕೂಡಲೇ ಒರೆಸಬೇಡಿ, ನೀರು ಸುರಿದು ತೊಳೆಯಿರಿ.

8. ಹೊಸದನ್ನು ಕೂರಿಸುವುದು

ಪೈಪನ್ನು ಕ್ಲ್ಯಾಂಪಿನಲ್ಲಿ ಇಟ್ಟು ಬೋಲ್ಟ್‌ಗಳನ್ನು ಕೈಯಲ್ಲಿ ಮಾತ್ರ ತಿರುಗಿಸಿ. ಎರಡೂ ಕಡೆ ತುದಿಯಿಂದ ಕ್ಲ್ಯಾಂಪ್‌ವರೆಗೆ ಅಳೆದು ಸಮ ಮಾಡಿ. ಮೇಲಿನ ಕ್ಲ್ಯಾಂಪ್ ಮೇಲೆ ಬಾಣ ಅಥವಾ ಚುಕ್ಕಿ ಇದ್ದರೆ ಅದು ಮುಂದಕ್ಕೆ ಇರಬೇಕು. ಇಂಥ ಕ್ಲ್ಯಾಂಪಿನಲ್ಲಿ ಸಾಮಾನ್ಯವಾಗಿ ಮುಂದಿನ ಬೋಲ್ಟ್ ಮೊದಲು ಪೂರ್ತಿ ಬಿಗಿ ಮಾಡಿ, ಆಮೇಲೆ ಹಿಂದಿನದು. ಆಗ ಸಂದು ಹಿಂದೆ ಮಾತ್ರ ಉಳಿಯುತ್ತದೆ, ಅದು ಹಾಗೇ ಇರಬೇಕು. ಸಂದು ಕಾಣುತ್ತೆ ಅಂತ ಹಿಂದಿನ ಬೋಲ್ಟನ್ನು ಜಬರ್‌ದಸ್ತಿ ಬಿಗಿ ಮಾಡಿದರೆ ಕ್ಲ್ಯಾಂಪ್ ಬಿರಿಯುತ್ತದೆ. ಮ್ಯಾನುವಲ್ ಬೇರೆ ಹೇಳಿದರೆ ಮ್ಯಾನುವಲ್ ಮಾತೇ ಕೊನೆ.

ಈಗ ಸ್ವಿಚ್ ಡಬ್ಬಿ. ಒಳಗಡೆ ಒಂದು ಪುಟ್ಟ ಮೊಳೆಯಂಥ ಪಿನ್ ಇರುತ್ತದೆ. ಹಳೆಯ ಪೈಪಿನಲ್ಲಿ ಅದಕ್ಕೆ ಸರಿಯಾದ ತೂತಿದೆ, ಹೊಸದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಇಲ್ಲಿ ಬಹಳ ಮಂದಿ ಪಿನ್ನನ್ನೇ ಕತ್ತರಿಸಿಬಿಡುತ್ತಾರೆ. ಆಮೇಲೆ ಮಳೆಯಲ್ಲಿ, ಜೋರಾಗಿ ತಿರುಚಿದಾಗ ಡಬ್ಬಿ ಪೂರ್ತಿ ಸುತ್ತುತ್ತದೆ. ಆಕ್ಸಲರೇಟರ್ ಡಬ್ಬಿ ಸುತ್ತಿದರೆ ಏನಾಗಬಹುದು ಯೋಚಿಸಿ. ತೂತು ಕೊರೆಯುವುದೇ ಸರಿ. ಹಳೆಯ ಪೈಪಿನ ತುದಿಯಿಂದ ತೂತಿಗೆ ಎಷ್ಟು ಮಿ.ಮೀ. ಅಂತ ಅಳೆದು, ಹೊಸದರ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ ಅಲ್ಲಿ ಗುರುತು ಹಾಕಿ. ಕೋನ ಮಾತ್ರ ನೀವು ಬೈಕ್ ಮೇಲೆ ಕೂತು, ಹೆಬ್ಬೆರಳಿಗೆ ಹಾರ್ನ್ ಸಿಗುವ ಹಾಗೆ ನೋಡಿ ತೀರ್ಮಾನಿಸಿ. ಮೊದಲು 3, ಆಮೇಲೆ ಪಿನ್ನಿನ ದಪ್ಪಕ್ಕೆ ತಕ್ಕ ಬಿಟ್. ಒಂದು ಗೋಡೆ ಮಾತ್ರ ತೂರಬೇಕು, ಆಚೆ ಗೋಡೆ ಮುಟ್ಟಬಾರದು. ಅಂಚಿನ ಚೂಪನ್ನು ಅರದಿಂದ ತೆಗೆಯಿರಿ. ಕ್ಲ್ಯಾಂಪ್ ಹತ್ತಿರ, ಬಾಗಿದ ಜಾಗದಲ್ಲಿ ಎಂದೂ ಕೊರೆಯಬೇಡಿ.

ಬಲಗಡೆ ಗ್ರಿಪ್ ಹಾಕಿದ ಮೇಲೆ ತುದಿಯ ತೂಕಕ್ಕೂ ಗ್ರಿಪ್‌ಗೂ ನಡುವೆ 1–2 ಮಿ.ಮೀ. ಸಂದು ಬಿಡಿ. ಪೂರ್ತಿ ತಿರುಗಿಸಿ ಕೈ ಬಿಡಿ. ‘ಟಪ್’ ಅಂತ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಗ್ರಿಪ್ ಎಲ್ಲೋ ತಾಗುತ್ತಿದೆ, ಸರಿ ಮಾಡುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.

ತುದಿಯ ತೂಕ ಬಿಟ್ಟು ಓಡಿಸಬೇಡಿ. ಅದು ಅಲಂಕಾರಕ್ಕಲ್ಲ, ನಡುಕ ತಡೆಯೋಕೆ. ಒಂಟಿ ಸಿಲಿಂಡರ್ ಬೈಕಿನಲ್ಲಿ ಅದನ್ನು ತೆಗೆದರೆ ಯಾವ ಮರಗಟ್ಟುವಿಕೆ ತಪ್ಪಿಸಲು ಇಷ್ಟೆಲ್ಲ ಮಾಡಿದಿರೋ ಅದೇ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಪೈಪಿನ ಗೋಡೆ ದಪ್ಪ, ಒಳಗಿನ ತೂತು ಚಿಕ್ಕದು. ಹಳೆಯ ತೂಕ ಹಿಡಿಸದೇ ಇರಬಹುದು, ಮೊದಲೇ ನೋಡಿಕೊಳ್ಳಿ.

9. ಕೇಬಲ್, ವೈರ್, ಹೋಸ್

ಕೇಬಲ್‌ಗಳ ದಾರಿ ಬದಲಿಸುವಾಗ ನೆನಪಿಡಬೇಕಾದ್ದು ಇಷ್ಟೇ: ಕಡಿದಾದ ತಿರುವು ಬೇಡ, ಬಿಸಿ ಭಾಗಕ್ಕೆ ತಾಗುವುದು ಬೇಡ, ಫೋರ್ಕ್ ಮತ್ತು ಫ್ರೇಮಿನ ನಡುವೆ ಸಿಕ್ಕಿಕೊಳ್ಳುವುದು ಬೇಡ. ಜಿಪ್ ಟೈ ಹಾಕುವುದು ಎಲ್ಲ ಪರೀಕ್ಷೆ ಮುಗಿದ ಮೇಲೆ. ಮೊದಲೇ ಕಟ್ಟಿದರೆ ತಿರುಗಿಸುವಾಗ ಅದೇ ಜಾಗದಲ್ಲಿ ವೈರ್ ಒಳಗೊಳಗೇ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಇರುತ್ತದೆ, ಹಾರ್ನ್ ಮಾತ್ರ ಬಲಕ್ಕೆ ತಿರುಗಿಸಿದಾಗ ಬಾಯಿ ಮುಚ್ಚುತ್ತದೆ.

ರೈಡ್ ಬೈ ವೈರ್ ಬೈಕ್ (ಆಕ್ಸಲರೇಟರ್‌ಗೆ ಕೇಬಲ್ ಬದಲು ವೈರ್ ಇರುವುದು) ಆದರೆ ಆಕ್ಸಲರೇಟರ್ ಕಡೆಯ ವೈರಿಗೂ ಇದೇ ಎಚ್ಚರ ಬೇಕು. ಆ ವೈರನ್ನು ಕತ್ತರಿಸಿ ಉದ್ದ ಮಾಡುವ ಕೆಲಸಕ್ಕೆ ಹೋಗಬೇಡಿ.

ಬ್ರೇಕ್ ಹೋಸ್ ಬದಲಿಸಲೇಬೇಕು ಅನ್ನುವವರಿಗೆ: ಹೋಸ್ ತುದಿಯ ಬೋಲ್ಟಿನ ಎರಡೂ ಪಕ್ಕದ ವಾಷರ್‌ಗಳು ಹೊಸದೇ ಇರಬೇಕು. ಡಬ್ಬಿ ಮುಚ್ಚಳದ ಮೇಲೆ ಬರೆದಿರುವ ಆಯಿಲ್ ಮಾತ್ರ, ಹೆಚ್ಚಾಗಿ ಅದು ಡಾಟ್ 4. ಹೊಸದಾಗಿ ಸೀಲ್ ಒಡೆದ ಬಾಟಲಿಯದೇ ಆಗಲಿ, ಯಾಕಂದರೆ ತೆರೆದಿಟ್ಟ ಆಯಿಲ್ ಗಾಳಿಯ ತೇವ ಹೀರಿರುತ್ತದೆ. ಎಬಿಎಸ್ ಇರುವ ಬೈಕಿನಲ್ಲಿ ಅದರ ಯೂನಿಟ್ ಒಳಗೆ ಗಾಳಿ ಸೇರಿದರೆ ಕೆಲವು ಮಾಡೆಲ್‌ಗಳಲ್ಲಿ ಕಂಪನಿಯ ಡಯಾಗ್ನೋಸ್ಟಿಕ್ ಸಾಧನ ಇಲ್ಲದೆ ತೆಗೆಯಲು ಆಗುವುದಿಲ್ಲ. ಇದನ್ನು ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ.

10. ರಸ್ತೆಗೆ ಇಳಿಯುವ ಮುಂಚಿನ ಪರೀಕ್ಷೆ

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನಗೇ ಆದ ಅನುಭವ. ಒಂದು ಗ್ಯಾರೇಜಿನಲ್ಲಿ ಎತ್ತರದ ಹ್ಯಾಂಡಲ್ ಹಾಕಿಸಿಕೊಂಡು, ಊರೊಳಗೆ ಎರಡು ದಿನ ಓಡಿಸಿ, ಎಲ್ಲ ಸರಿ ಇದೆ ಅಂತ ಚಾರ್ಮಾಡಿ ಘಾಟಿಗೆ ಹೋದೆ. ಊರ ರಸ್ತೆಯಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸುವ ಪ್ರಸಂಗವೇ ಬಂದಿರಲಿಲ್ಲ. ಘಾಟಿಯ ಒಂದು ತಿರುವಿನಲ್ಲಿ ಫೋಟೋಗೆ ನಿಲ್ಲಿಸಿ, ಬೈಕ್ ವಾಪಸ್ ತಿರುಗಿಸಲು ಎಡಕ್ಕೆ ಪೂರ್ತಿ ತಿರುಗಿಸಿದೆ. ಕೈ ಆಡಿಸದೇ ಎಂಜಿನ್ ಗುರ್ ಅಂತ ಏರಿತು. ಕ್ಲಚ್ ಹಿಡಿದಿದ್ದರಿಂದ ಬಚಾವಾದೆ. ಮುಂದೆ ಮೊಣಕಾಲೆತ್ತರದ ತಡೆಗೋಡೆ ಇತ್ತು, ಅದರಾಚೆ ಕಣಿವೆ. ಬಗ್ಗಿ ನೋಡಿದರೆ ಆಕ್ಸಲರೇಟರ್ ಕೇಬಲ್ ಹೆಡ್‌ಲೈಟಿನ ಹಿಂದೆ ವೀಣೆಯ ತಂತಿ ಹಾಗೆ ಬಿಗಿದುಕೊಂಡಿತ್ತು. ಎರಡು ನಿಮಿಷದ ಪರೀಕ್ಷೆ ಯಾರೂ ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಪರೀಕ್ಷೆ ಇದು. ಬಯಲಿನಂಥ ಗಾಳಿಯಾಡುವ ಜಾಗದಲ್ಲಿ ಬೈಕ್ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ. ಎಂಜಿನ್ ಬಿಸಿಯಾಗಿ ಸದ್ದು ಒಂದೇ ಸಮ ಆಗಲಿ. ಈಗ ನಿಧಾನವಾಗಿ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಆರ್‌ಪಿಎಂ ಒಂದು ಚೂರೂ ಏರಬಾರದು. ಎಂಜಿನ್ ಆಫ್ ಮಾಡಿ, ಎರಡೂ ತುದಿಯಲ್ಲಿ ಕ್ಲಚ್ ಲಿವರ್‌ನ ಆಟ (ಕೇಬಲ್ ಎಳೆಯುವ ಮುಂಚೆ ಇರುವ ಸಡಿಲ) ನೋಡಿ. ನೇರ ಇರುವಾಗ ಎಷ್ಟಿತ್ತೋ ಪೂರ್ತಿ ತಿರುಗಿಸಿದಾಗಲೂ ಅಷ್ಟೇ ಇರಬೇಕು. ಆಟ ಮಾಯವಾದರೆ ಕ್ಲಚ್ ಅರ್ಧ ಹಿಡಿದ ಹಾಗೆ, ಪ್ಲೇಟ್ ಸುಟ್ಟುಹೋಗುತ್ತದೆ.

ಮುಂದೆ ಇವಿಷ್ಟನ್ನು ನೋಡಿ. ಪೂರ್ತಿ ತಿರುಗಿಸಿದಾಗ ಹ್ಯಾಂಡಲ್‌ಗೂ ಟ್ಯಾಂಕಿಗೂ ನಡುವೆ ಗ್ಲೌಸ್ ಹಾಕಿದ ಹೆಬ್ಬೆರಳು ಜಜ್ಜದಷ್ಟು ಜಾಗ. ಮೀಟರ್‌ಗೆ, ಹೆಡ್‌ಲೈಟಿಗೆ ಲಿವರ್ ತಾಗದಿರುವುದು. ಮುಂದಿನ ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುವುದು. ಇಂಡಿಕೇಟರ್, ಹಾರ್ನ್, ಕಿಲ್ ಸ್ವಿಚ್ ಎಡ ಬಲ ಎರಡೂ ತುದಿಯಲ್ಲಿ ಕೆಲಸ ಮಾಡುವುದು. ಕೊನೆಗೆ ಬೈಕಿನ ಎದುರು ನಿಂತು, ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಹಿಡಿದು, ಹ್ಯಾಂಡಲ್‌ನ ಎರಡೂ ತುದಿ ಹಿಡಿದು ಕೆಳಕ್ಕೆ ಬಲವಾಗಿ ಒತ್ತಿ. ಕ್ಲ್ಯಾಂಪಿನಲ್ಲಿ ಪೈಪ್ ಕೂದಲೆಳೆಯಷ್ಟೂ ತಿರುಗಬಾರದು.

11. ಮೊದಲ 100 ಕಿಲೋಮೀಟರ್

ಮೊದಲ ಸವಾರಿ ಖಾಲಿ ಮೈದಾನದಲ್ಲಿ, 20–30 ಕಿ.ಮೀ. ವೇಗದಲ್ಲಿ. ಎಡಕ್ಕೆ, ಬಲಕ್ಕೆ ಯೂ ಟರ್ನ್, ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕು ಸುತ್ತು, ನಾಲ್ಕೈದು ಸಲ ಜೋರು ಬ್ರೇಕ್. ಮನೆಗೆ ಬಂದು ಎಲ್ಲ ಬೋಲ್ಟ್‌ನ ಟಾರ್ಕ್ ಮತ್ತೆ ನೋಡಿ. 100 ಕಿ.ಮೀ. ಆದ ಮೇಲೆ ಇನ್ನೊಂದು ಸಲ.

ಓಡಿಸುವಾಗ ಕೆಲವು ಬದಲಾವಣೆ ಗೊತ್ತಾಗುತ್ತವೆ. ಮುಂದಿನ ಚಕ್ರದ ಮೇಲೆ ನಿಮ್ಮ ಭಾರ ಕಡಿಮೆಯಾಗಿದೆ. ಅದಕ್ಕೇ ಘಾಟಿ ತಿರುವಿನಲ್ಲಿ ಮುಂಭಾಗ ಸ್ವಲ್ಪ ಹಗುರ ಅನ್ನಿಸುತ್ತದೆ. ತಿರುವಿಗೆ ಮುಂಚೆ ಎದೆಯನ್ನು ತುಸು ಮುಂದೆ ತಂದರೆ ಸರಿಯಾಗುತ್ತದೆ. 90 ದಾಟಿದ ಮೇಲೆ ಗಾಳಿ ಎದೆಗೆ ಹೊಡೆಯುತ್ತದೆ. ಮೊದಲು ಮುಂದಕ್ಕೆ ಬಾಗಿದ್ದಾಗ ಅದೇ ಗಾಳಿ ನಿಮ್ಮ ಕೈಯ ಭಾರ ಹೊರುತ್ತಿತ್ತು, ಈಗ ಅದು ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ, ನೀವು ಹ್ಯಾಂಡಲ್‌ಗೆ ಜೋತುಬೀಳುತ್ತೀರಿ. ದಿನಾ ಊರೊಳಗೆ ಓಡಾಡುವವರಿಗೆ ಇದು ಸಮಸ್ಯೆಯೇ ಅಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್‌ಗೆ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯಲ್ಲಿ ಹಂಪ್ ದಾಟುತ್ತಾ 50–60ರಲ್ಲಿ ಹೋಗುವವರಿಗೆ ನೆಟ್ಟಗೆ ಕೂರುವುದು ನಿಜಕ್ಕೂ ಸುಖ. ಹಂಪ್ ಬಂದಾಗ ಫುಟ್‌ಪೆಗ್ (ಕಾಲಿಡುವ ಕಂಬಿ) ಮೇಲೆ ಒಂದಿಷ್ಟು ಎದ್ದುಕೊಳ್ಳಿ, ಬೆನ್ನು ಉಳಿಯುತ್ತದೆ.

ಫುಟ್‌ಪೆಗ್ ತುಂಬಾ ಹಿಂದೆ ಮತ್ತು ಮೇಲೆ ಇರುವ ಬೈಕಿನಲ್ಲಿ ಹ್ಯಾಂಡಲ್ ಮಾತ್ರ ಎತ್ತರಿಸಿದರೆ ಕಾಲು ರೇಸಿಗೆ, ಬೆನ್ನು ಕುರ್ಚಿಗೆ ಅನ್ನೋ ಹಾಗಾಗುತ್ತದೆ. ತೊಡೆಸಂದಿ ಹಿಡಿದುಕೊಳ್ಳುತ್ತದೆ. ಆಗ ಹ್ಯಾಂಡಲ್ 10 ಮಿ.ಮೀ. ಇಳಿಸಿ ನೋಡಿ.

12. ಕೂಡಲೇ ಬೈಕ್ ನಿಲ್ಲಿಸಬೇಕಾದ ಸೂಚನೆಗಳು

ತಿರುಗಿಸುವಾಗ ರೇಸ್ ಏರುವುದು ಅಥವಾ ಎಂಜಿನ್ ಆಫ್ ಆಗುವುದು. ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗಿ ಗ್ರಿಪ್ ತನಕ ಬರುವುದು. ಕ್ಲ್ಯಾಂಪಿನಿಂದ ‘ಕಟ್’ ಅನ್ನೋ ಸದ್ದು. ಹೋಸ್ ಮೇಲೆ ಬಿಳಿಯ ಉಜ್ಜಿದ ಗುರುತು. ಇವುಗಳಲ್ಲಿ ಒಂದು ಕಂಡರೂ ಮನೆವರೆಗೆ ನಿಧಾನಕ್ಕೆ ಹೋಗೋಣ ಅಂದುಕೊಳ್ಳಬೇಡಿ, ಅಲ್ಲೇ ಪಕ್ಕಕ್ಕೆ ಹಾಕಿ.

ವೇಗದಲ್ಲಿ ಹ್ಯಾಂಡಲ್ ಎಡ ಬಲ ಬಡಿದುಕೊಳ್ಳತೊಡಗಿದರೆ ಗಟ್ಟಿಯಾಗಿ ಹಿಡಿಯಬೇಡಿ, ಬ್ರೇಕ್ ಕೂಡ ಜೋರಾಗಿ ಒತ್ತಬೇಡಿ. ಮೊಣಕಾಲಿನಿಂದ ಟ್ಯಾಂಕ್ ಅಪ್ಪಿ, ಎದೆ ಮುಂದಕ್ಕೆ ತಂದು, ಆಕ್ಸಲರೇಟರ್ ಮೆಲ್ಲಗೆ ಬಿಡಿ. ಆಮೇಲೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್), ಮುಂದಿನ ಟೈರಿನ ಗಾಳಿ, ವೀಲ್ ಬ್ಯಾಲೆನ್ಸ್ ತೋರಿಸಿ. ಕೋನ್ ಸೆಟ್ ಸವೆದಿದ್ದು ಹಳೆಯ ಹ್ಯಾಂಡಲ್‌ನಲ್ಲಿ ಗೊತ್ತಾಗದೇ ಇದ್ದಿರಬಹುದು. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ಒಂದು ಕಡೆ ಹಳ್ಳಕ್ಕೆ ಬಿದ್ದ ಹಾಗೆ ನಿಂತರೆ ಕೋನ್ ಸೆಟ್ ಬದಲಿಸುವ ಸಮಯ ಬಂದಿದೆ. ಅದು ಬದಲಾಗುವವರೆಗೆ ಹೈವೇಗೆ ಹೋಗಬೇಡಿ.